ಗಂಡನೆಂಬುದಕ್ಕೆ ಪುರಾವೆ

ನನ್ನ ಗಂಡ ಯಾವ ಮಗ್ಗುಲಾಗಿ ಮಲಗುತ್ತಾರೆ ಎಂಬುದು ನನಗೆ ಗೊತ್ತಿಲ್ಲ. ಮದುವೆಯಾಗಿ ಎರಡು ವರ್ಷ ಕಳೆದ ಹೆಂಗಸು ಇದನ್ನು ಹೀಗೆ ಊರಿಗೆಲ್ಲ ಸಾರಬಾರದು, ಒಪ್ಪಿದೆ. ಆದರೆ ಮರಿಸೆಲ್ ಕೇಳಿದಾಗ ನಾನು ಉತ್ತರ ತೋಚದೆ ಪಿಳಿಪಿಳಿ ಕಣ್ಣುಬಿಟ್ಟದ್ದಂತೂ ನಿಜ. ಮರಿಸೆಲ್ ಅಂದರೆ ಅಮೆರಿಕದ ಆಸ್ಪತ್ರೆಯಲ್ಲಿ ನನ್ನ ಜೋಡಿ ಕೆಲಸ ಮಾಡುವ ಫಿಲಿಪೀನ್ಸಿನ ನರ್ಸ್. ತನ್ನ ಗಂಡನನ್ನು ನಾನೀಗ ನಮ್ಮವರಿಗಾಗಿ ಹಿಡಿದ ವೀಸಾದ ಹಾದಿಯಿಂದಲೇ ಇಲ್ಲಿಗೆ ಕರೆಸಿಕೊಂಡವಳು. ನಮ್ಮವರಿಗೆ ಮುಂಬೈಯಲ್ಲಿ ವೀಸಾ ಸಂದರ್ಶನದ ದಿನ ಗೊತ್ತಾಯಿತು ಅಂತ ನಾನು ಕುಣಿಯುತ್ತ ಹೋಗಿ ಹೇಳಿದರೆ ಅವಳು ಕುಣಿಯಲಿಲ್ಲ. "ತಯಾರಿ ಮಾಡಿದ್ದೀರಾ?" ಅಂದಳು.

ತಯಾರಿ ಏನು ಬಂತು, ನನ್ನ ತಲೆ! ಮದುವೆಯಾಗಿದೆ. ಸರಕಾರದ ಮುದ್ರೆಯೊತ್ತಿದ ಪತ್ರವಿದೆ. ಶಿಗ್ಗಾಂವಿಯ ಕಲ್ಯಾಣಮಂಟಪ ಹಿಡಿಸದಷ್ಟು ಮಂದಿ ಗೋದಿ ಹುಗ್ಗಿ ಉಂಡು, ಅನ್ನ ಸ್ವಲ್ಪ ಬಿರುಸಾಗಿತ್ತು ಅಂತ ಹೆಸರಿಟ್ಟು ಹೋಗಿದ್ದಾರೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಮರಿಸೆಲ್ ತಲೆಯಾಡಿಸಿದಳು. ಕಾಗದ ಯಾರಾದರೂ ತರುತ್ತಾರೆ, ವೀಸಾ ಸಿಗಲಿ ಅಂತಲೇ ಮದುವೆಯಾದವರೂ ತರುತ್ತಾರೆ. ನೀವಿಬ್ಬರು ನಿಜವಾದ ಗಂಡ ಹೆಂಡತಿ ಅಂತ ಕಿಟಕಿಯ ಆಚೆ ಕೂತ ಅಧಿಕಾರಿಗೆ ಅನಿಸಬೇಕು. ಅನಿಸದಿದ್ದರೆ ಕಡತ ಹಿಂದಕ್ಕೆ, ಮತ್ತೆ ವರ್ಷಗಟ್ಟಲೆ ಕಾಯಬೇಕು ಅಂದಳು. ನನ್ನ ಕುಣಿತ ಅಲ್ಲಿಗೇ ನಿಂತಿತು.

ಅಧಿಕಾರಿ ಕೇಳಬಹುದಾದ ಆ ಮಗ್ಗುಲಿನ ವಿಷಯಕ್ಕೆ ನನ್ನನ್ನು ಪೂರ್ತಿ ದೂರಬೇಡಿ. ನಾನು ಸವಣೂರಿನವಳು, ಅವರದು ಹಾನಗಲ್ಲು. ಅಲ್ಲಿ ಪಂಪ್‌ಸೆಟ್ಟಿನ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾರೆ. ಮದುವೆಗೆಂದು ನನಗೆ ಸಿಕ್ಕದ್ದು ಒಂದು ಚೋಟುದ್ದದ ರಜೆ. ಅದರಲ್ಲಿ ಮನೆದೇವರಿಗೆ ಹೋಗಿಬಂದದ್ದು, ಹಿರೇಕೆರೂರಿನಲ್ಲಿರುವ ನಾದಿನಿಯ ಮನೆಯಲ್ಲಿ ಉಂಡದ್ದು, ಸವಣೂರಿನಲ್ಲಿ ನಮ್ಮವ್ವ ಕರೆದು ಉಡಿ ತುಂಬಿದ್ದು. ಹಾನಗಲ್ಲಿನ ಮನೆ ತುಂಬ ಬೀಗರು. ಗಂಡಸರೆಲ್ಲ ಮಾಳಿಗೆಯ ಮೇಲೆ, ಹೆಂಗಸರೆಲ್ಲ ಪಡಸಾಲೆಯಲ್ಲಿ. ನಮಗೊಂದು ಖೋಲಿ ಅಂತ ಸಿಕ್ಕಾಗ ದಣಿದು ಕೊರಡಿನ ಹಾಗೆ ಬಿದ್ದಿದ್ದೇನೆಯೇ ಹೊರತು, ಅವರು ಎಡಕ್ಕೋ ಬಲಕ್ಕೋ ಅಂತ ನೋಡುತ್ತ ಕೂತಿಲ್ಲ. ರಜೆ ಮುಗಿಯಿತು, ವಿಮಾನ ಹತ್ತಿದೆ. ಅಲ್ಲಿಂದೀಚೆಗೆ ನಮ್ಮ ಸಂಸಾರವೆಲ್ಲ ಫೋನಿನಲ್ಲೇ.

ಫೋಟೊ ತೋರಿಸು ಅಂದಳು ಮರಿಸೆಲ್. ತೋರಿಸಿದೆ. ಶಿಗ್ಗಾಂವಿಯ ಹತ್ತಿರ ಗೊಟಗೋಡಿಯಲ್ಲಿ ಒಂದು ಸಿಮೆಂಟಿನ ಹಳ್ಳಿ ಇದೆ, ನೋಡಿದವರಿಗೆ ಗೊತ್ತು. ಸಿಮೆಂಟಿನ ರೈತ, ಸಿಮೆಂಟಿನ ಎಮ್ಮೆ, ಒಲೆಯ ಮುಂದೆ ರೊಟ್ಟಿ ಬಡಿಯುವ ಸಿಮೆಂಟಿನ ಅವ್ವ. ಎಲ್ಲ ಎಷ್ಟು ಹುಬೇಹೂಬ ಅಂದರೆ, ಎಮ್ಮೆ ಎಲ್ಲಿ ಬಾಲ ಬೀಸುತ್ತದೋ ಅಂತ ಮಂದಿ ಹಿಂದೆ ಸರಿಯುತ್ತಾರೆ. ಮದುವೆಗೆ ಮುಂಚೆ ಅಲ್ಲೇ ಜೋಡಿ ಫೋಟೊ ತೆಗೆಯಬೇಕೆಂದು ಫೋಟೊಗ್ರಾಫರ್ ಹಟ ಹಿಡಿದ. ಲಗ್ನಕ್ಕೆ ಮೊದಲು ಹುಡುಗ ಹುಡುಗಿ ಇಬ್ಬರೇ ಹೋಗುವುದುಂಟೇ? ಅತ್ತೆ ಹೊರಟರು. ಅತ್ತೆ ಹೊರಟ ಮೇಲೆ ನಾದಿನಿ, ನಾದಿನಿಯ ಕಂಕುಳಲ್ಲಿ ಕೂಸು. ಒಂದೊಂದು ಫೋಟೊದಲ್ಲೂ ನಮ್ಮವರೊಂದು ತುದಿ, ನಾನೊಂದು ತುದಿ, ನಡುವೆ ಇಡೀ ಮನೆತನ. "ಕೈ ಹಿಡೀರಿ ಅಣ್ಣಾರ, ನಾಚಬ್ಯಾಡ್ರಿ" ಅಂತ ಫೋಟೊಗ್ರಾಫರ್ ಕೂಗಿದರೆ ಇವರು ಕೂಸಿನ ಕೈ ಹಿಡಿದರು.

ಮರಿಸೆಲ್ ಫೋಟೊವನ್ನು ಹತ್ತಿರ ಹಿಡಿದು ನೋಡಿದಳು. "ಇವರೇ ಅಲ್ಲವಾ ನಿನ್ನ ಗಂಡ? ನಗು ಚೆನ್ನಾಗಿದೆ" ಅಂತ ಬೆರಳಿಟ್ಟಳು. ಬೆರಳು ಇದ್ದದ್ದು ಎಮ್ಮೆ ಹಿಂಡುವ ಸಿಮೆಂಟಿನ ರೈತನ ಮೇಲೆ. "ಅಲ್ಲ, ಪಕ್ಕದಲ್ಲಿ ಬಿಗಿದುಕೊಂಡು ನಿಂತವರು" ಅಂದೆ. ಆಕೆಗೆ ನಗು ತಡೆಯಲಾಗಲಿಲ್ಲ. ನನಗೂ ನಗು ಬಂತು. ಆಮೇಲೆ ಹೆದರಿಕೆಯೂ ಬಂತು. ಮರಿಸೆಲ್ ನನ್ನ ಗೆಳತಿ, ನಕ್ಕು ಬಿಡುತ್ತಾಳೆ. ಆ ಅಧಿಕಾರಿ ನಗಬೇಕಲ್ಲ!

ಇನ್ನು ನಮ್ಮ ಫೋನಿನ ಸಂದೇಶಗಳು. ಅವನ್ನೂ ಪುರಾವೆಯಾಗಿ ಕೊಡಬಹುದು ಅಂತ ಕೇಳಿ ಖುಷಿಯಾಗಿ ತೆಗೆದು ನೋಡಿದೆ. ಹಾನಗಲ್ಲಿನಲ್ಲಿ ಮಳೆ ಆದದ್ದು, ಆಗದ್ದು. ಅತ್ತೆಯ ಮೊಣಕಾಲು. ಕರೆಂಟ್ ಹೋದದ್ದು, ಬಂದದ್ದು. ಇವನ್ನೆಲ್ಲ ಇಂಗ್ಲಿಷಿಗೆ ಮಾಡಿ ಕೊಟ್ಟರೆ ಓದಿದವರು ನಮ್ಮನ್ನು ದಂಪತಿ ಅನ್ನುವುದಿಲ್ಲ, ಕೃಷಿ ಇಲಾಖೆಯ ಇಬ್ಬರು ನೌಕರರು ಅಂದಾರು.

ಸವಣೂರಿನ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಮಾಸ್ತರರು ಪ್ರಮಾಣಗಳ ಬಗ್ಗೆ ಹೇಳಿದ್ದು ಆಗ ನೆನಪಾಯಿತು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಗುಡ್ಡದ ಮೇಲೆ ಹೊಗೆ ಕಂಡು ಬೆಂಕಿ ಇದೆ ಅಂದುಕೊಳ್ಳುವುದು ಅನುಮಾನ. ತಿಳಿದವರು ಹೇಳಿದ್ದನ್ನು ನಂಬುವುದು ಶಬ್ದ. ಅಮೆರಿಕದವರಿಗೆ ಪ್ರತ್ಯಕ್ಷವೇ ಬೇಕು, ತಬ್ಬಿಕೊಂಡು ನಿಂತ ಫೋಟೊ ಬೇಕು. ನಮ್ಮ ಕಡೆ ಪ್ರೀತಿಯನ್ನು ಪ್ರತ್ಯಕ್ಷ ಕಂಡವರು ಯಾರಿದ್ದಾರೆ? ಹಾನಗಲ್ಲಿನ ಸಂತೆಯಲ್ಲಿ ಗಂಡ ಮುಂದೆ ಮುಂದೆ, ಹೆಂಡತಿ ಚೀಲ ಹಿಡಿದು ಹಿಂದೆ ಹಿಂದೆ, ಪರಿಚಯವೇ ಇಲ್ಲದವರ ಹಾಗೆ. ಆದರೆ ಬಸ್ಸು ಬಂದ ಕೂಡಲೇ ಅದೇ ಗಂಡ ಮಂದಿಯನ್ನು ಸೀಳಿಕೊಂಡು ಓಡಿ, ಕಿಟಕಿಯೊಳಗೆ ಟವೆಲ್ ಎಸೆದು ಹೆಂಡತಿಗೆ ಸೀಟು ಹಿಡಿಯುತ್ತಾನೆ. ತಾನು ಶಿಗ್ಗಾಂವಿಯ ತನಕ ನಿಂತೇ ಹೋಗುತ್ತಾನೆ. ಟವೆಲ್ ಕಂಡು ಉಳಿದದ್ದನ್ನು ನಾವು ತಿಳಿದುಕೊಳ್ಳಬೇಕು. ಇದನ್ನು ಯಾವ ಕಡತದಲ್ಲಿ ಹಚ್ಚಿ ಕಳಿಸಲಿ?

ಕಡೆಗೆ ಅಧಿಕಾರಿ ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಮರಿಸೆಲ್ ಹೇಳಿಕೊಟ್ಟಳು. ದಿನಾ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಮುಂಚೆ, ಅವರಿಗೆ ಸಂಜೆಯಾದಾಗ, ಫೋನಿನಲ್ಲಿ ಪಾಠ ಶುರುವಾಯಿತು. ನಾನೇ ಅಧಿಕಾರಿ. ದನಿ ಗಡಸು ಮಾಡಿಕೊಂಡು ಕೇಳುತ್ತಿದ್ದೆ. ಹೆಂಡತಿಗೆ ಇಷ್ಟದ ಪಲ್ಯ? "ಎಣ್ಣೆಗಾಯಿ." ಹೆಂಡತಿಯ ಕೆಲಸ? "ನರ್ಸ್ ಅದಾಳ್ರಿ, ಕಿಡ್ನಿ ಬ್ಯಾನಿ ಇದ್ದವರ್ನ ನೋಡ್ತಾಳ." ಎಲ್ಲ ಪಟಪಟ ಬರುತ್ತಿತ್ತು. ಹೆಂಡತಿಯ ಹೆಸರು? ಅಲ್ಲಿಗೆ ಗಾಡಿ ನಿಂತಿತು. ಫೋನು ಕಡಿದುಹೋಯಿತೇನೋ ಅಂತ ನಾನು "ಹಲೋ, ಹಲೋ" ಅಂದೆ. ಆ ಕಡೆ ಅತ್ತೆಯ ದನಿ ಕೇಳಿತು. "ಹಂಗ ಹೆಂಗ ಹೇಳ್ತಾನವಾ? ಒಡಪು ಹಾಕಿ ಹೇಳಾಕ ಹೇಳು."

ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹಿಡಿಯುವುದಿಲ್ಲ. ಹಿಡಿಯಲೇಬೇಕಾದ ಶುಭಕಾರ್ಯಗಳಲ್ಲಿ ಪ್ರಾಸ ಕಟ್ಟಿ, ಆ ಪ್ರಾಸದ ಸೆರಗಿನಲ್ಲಿ ಹೆಸರನ್ನು ಸುತ್ತಿ ಹೇಳಬೇಕು. ಅದೇ ಒಡಪು. ಮದುವೆಯ ದಿನ ನಾದಿನಿ ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿಯೇ ಒಳಗೆ ಬರ್ರಿ ಅಂದಾಗ ಇವರು ಬೆವರು ಒರೆಸಿಕೊಂಡು ಹೇಳಿದ್ದು ಇದು:

ಸವಣೂರ ಎಲಿಗೆ ಸುಣ್ಣ ಹಚ್ಚಿಟ್ಟೇನಿ,
ಶೈಲಾನ ಹೆಸರ ಎದಿಯಾಗ ಮುಚ್ಚಿಟ್ಟೇನಿ.

ಹೇಳಿದ ಮಾತಿಗೆ ಸರಿಯಾಗಿ ಅವತ್ತಿನಿಂದ ಮುಚ್ಚಿಟ್ಟದ್ದನ್ನು ತೆಗೆದೇ ಇಲ್ಲ. ನನ್ನನ್ನು ಕರೆಯುವುದು "ಏ, ಇಲ್ಲಿ ಕೇಳ" ಅಂತಲೇ. ನಾನೇನು ಕಡಿಮೆಯೇ? ಇಲ್ಲಿ ಇಷ್ಟು ಬರೆದೆನಲ್ಲ, ನಿಮಗೆ ಅವರ ಹೆಸರು ಗೊತ್ತಾಯಿತೇ? ಆದರೆ ಅವತ್ತು ಫೋನಿನ ಪಾಠದಲ್ಲಿ ನನಗೆ ಸಿಟ್ಟು ಬಂತು. "ಅಲ್ಲೇನು ನಿಮ್ಮ ತಂಗಿ ಬಾಗಲಾ ಹಿಡಕೊಂಡು ನಿಂತಿರ್ತಾಳ? ಹೆಸರು ಕೇಳಿದ ಕೂಡ್ಲೆ ಹೇಳ್ರಿ! ಇಲ್ಲಂದ್ರ ಹೇಂತಿ ಹೆಸರ ಗೊತ್ತಿಲ್ಲ ಇಂವಗ ಅಂತಾರ" ಅಂತ ಹಾರಾಡಿದೆ. "ಆತು, ಹೇಳ್ತೇನಿ ತಗೊ" ಅಂದರು. ಆಗಲೂ ಹೇಳಲಿಲ್ಲ.

ಸಂದರ್ಶನ ಹತ್ತಿರ ಬಂದಿತ್ತು. ಒಂದು ದಿನ ಪಾಠ ಮುಗಿಸಿ ಫೋನು ಇಡುವ ಹೊತ್ತಿಗೆ ಅವರು "ತಡಿ, ಈಗ ನಾ ಒಂದ್ ಕೇಳ್ತೇನಿ" ಅಂದರು. ಕೇಳ್ರಿ ಅಂದೆ.

"ಅಲ್ಲಿ ನಿನಗ ಅಳು ಬರ್ತೈತೇನು?"

ಇದು ಮರಿಸೆಲ್ ಹೇಳಿಕೊಟ್ಟ ಪ್ರಶ್ನೆಯಲ್ಲ. ಛೇ, ಇಲ್ಲಪ್ಪಾ ಅನ್ನಬೇಕೆಂದು ಬಾಯಿ ತೆರೆದವಳು "ಬರ್ತೈತ್ರಿ" ಅಂದುಬಿಟ್ಟೆ. ಯಾವಾಗ ಅಂತ ಕೇಳಿದರು. ಕೆಲಸ ಮುಗಿಸಿ ಬರುವಾಗ, ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಅಂದೆ. "ಮಂದಿ ನೋಡಂಗಿಲ್ಲೇನು?" ಇಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ ಅಂದೆ. "ಇರ್ಲಿ. ನಾ ಬಂದ ಮ್ಯಾಲೆ ನಾ ನೋಡ್ತೇನಿ" ಅಂದರು.

ಅಯ್ಯೋ ಶಿವನೇ, ಅಲ್ಲಿಗೆ ನನ್ನ ಗತಿ ಕೆಟ್ಟಿತು ನೋಡಿ. ಅಲ್ಲಿಯ ತನಕ ವೀಸಾ ಸಿಗದಿದ್ದರೆ ಮಂದಿ ಏನಂದಾರು, ಅಷ್ಟೆಲ್ಲ ಓಡಾಟ ವ್ಯರ್ಥವಾದೀತು ಅಂತ ಹೆದರಿದ್ದೆ. ಈಗ ಅವರು ಬರದೆ ಹೋದರೆ ಅಂತ ಹೆದರಿಕೆ. ಹಿರಿಯರು ನೋಡಿ ಮಾಡಿದ ಮದುವೆ, ಆಗಬೇಕಾಗಿತ್ತು, ಆಯಿತು ಅಂದುಕೊಂಡಿದ್ದವಳು ನಾನು. ಆ ದಿನದಿಂದ ಈ ಮನುಷ್ಯ ಇಲ್ಲದೆ ಇನ್ನೊಂದು ವರ್ಷ ನನ್ನಿಂದಾಗದು ಅಂತ ಅನಿಸಿಬಿಟ್ಟಿತು. ಪಾಠದಲ್ಲಿ ದನಿ ಗಡಸು ಮಾಡಲು ಹೋದರೆ ಪ್ರಶ್ನೆಗಳು ವಿನಂತಿಯ ಹಾಗೆ ಹೊರಡುತ್ತಿದ್ದವು. "ಸಾಹೇಬ್ರು ಇವತ್ತ ಭಾಳ ಮೆತ್ತಗದಾರ" ಅಂತ ಅವರು ಚೇಷ್ಟೆ ಮಾಡಿದರು.

ಸಂದರ್ಶನದ ದಿನ ಬಂತು. ಅವರು ಮುಂಬೈಯ ಕಿಟಕಿಯ ಮುಂದೆ ಇದ್ದಾಗ ನಾನಿಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ರೋಗಿಯೊಬ್ಬರ ರಕ್ತದೊತ್ತಡ ನೋಡಿದೆ, ಬರೆದುಕೊಳ್ಳಲು ಹೋದರೆ ಅಂಕಿ ಮರೆತು ಮತ್ತೆ ನೋಡಿದೆ. "ನನ್ನದು ಸರಿಯಾಗಿದೆ, ನಿನ್ನದು ನೋಡಿಕೋ" ಅಂತ ಆ ಮುದುಕರು ನಕ್ಕರು. ಫೋನು ಬಂದಾಗ ಮರಿಸೆಲ್ ನನ್ನನ್ನು ಕಾರಿಡಾರಿಗೆ ನೂಕಿ, ನನ್ನ ರೋಗಿಗಳನ್ನು ತಾನು ನೋಡಿಕೊಂಡಳು.

"ಆತು" ಅಂದರು. ಏನಾತು? "ಕೊಟ್ರು." ಮೊದಲಿನಿಂದ ಹೇಳ್ರಿ ಅಂತ ಗಂಟು ಬಿದ್ದೆ.

ಕಿಟಕಿಯ ಆಚೆ ಒಬ್ಬ ಹೆಣ್ಣುಮಗಳು ಅಧಿಕಾರಿ, ಪಕ್ಕದಲ್ಲಿ ಆಕೆಯ ಇಂಗ್ಲಿಷನ್ನು ಹಿಂದಿಗೆ ಮಾಡಿ ಹೇಳುವವರು. ಮೊದಲ ಪ್ರಶ್ನೆಯೇ ಹೆಂಡತಿಯ ಹೆಸರು. ನಾನು ಹೆದರಿದ್ದೇ ಆಯಿತು. ಹೆಸರು ಗಂಟಲಿನ ತನಕ ಬಂದು ನಿಂತಿತಂತೆ. ಅಷ್ಟೊತ್ತೂ ಕಡತ ನೋಡುತ್ತಿದ್ದ ಅಧಿಕಾರಿ ತಲೆಯೆತ್ತಿ ಇವರ ಮುಖ ನೋಡಿದರು. ಇವರು ಅಂತೂ ಹೆಸರು ಹೇಳಿದರು, ಆದರೆ ಆಕೆಗೆ ಸಂಶಯ ಬಂದುಹೋಗಿತ್ತು. ನಮ್ಮ ಫೋಟೊಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಅತ್ತೆ, ನಾದಿನಿ, ಕೂಸು, ಎಮ್ಮೆ. ಎಲ್ಲ ನೋಡಿ ಮುಗಿಸಿ, "ಮದುವೆಯಾದ ಮೇಲೆ ನೀವಿಬ್ಬರು ಎಷ್ಟು ದಿನ ಕೂಡಿ ಇದ್ದೀರಿ?" ಅಂತ ಕೇಳಿದರು.

ಇದಕ್ಕೆ ನಾನು ಉತ್ತರ ಕಲಿಸಿದ್ದೆ. ರಜೆ ಯಾವತ್ತು ಶುರು, ಯಾವತ್ತು ಮುಗಿಯಿತು, ನಡುವೆ ಎಲ್ಲೆಲ್ಲಿ ಹೋಗಿದ್ದೆವು, ಎಲ್ಲ ಗಿಳಿಪಾಠ ಮಾಡಿಸಿದ್ದೆ. "ಹೇಳಿದ್ರಿಲ್ಲೋ?" ಅಂದೆ.

"ಎಲ್ಲಾ ಮರ್ತು ಹೋತು."

"ಮತ್ತೇನಂದ್ರಿ?"

"ಸಾಲಲಿಲ್ಲರಿ ಅಂದೆ."

ಹಿಂದಿಯಲ್ಲಿ ಅಂದರಂತೆ, ಕೊನೆಯ 'ರಿ' ಮಾತ್ರ ನಮ್ಮದೇ ಹಚ್ಚಿ. ಪಕ್ಕದವರು ಅದನ್ನು ಇಂಗ್ಲಿಷಿಗೆ ಹೇಳಿದರು. ಅಧಿಕಾರಿ ಫೋಟೊಗಳನ್ನು ಜೋಡಿಸಿ ವಾಪಸು ಕೊಟ್ಟರು. ಏನೋ ಟೈಪ್ ಮಾಡಿ, ವೀಸಾ ಮಂಜೂರಾಗಿದೆ, ಹೋಗಿಬನ್ನಿ ಅಂದರು.

ನನಗೆ ಸಂತೋಷವಾಗಬೇಕಿತ್ತು, ಆಗಿತ್ತು ಕೂಡ. ಆದರೆ ಬಾಯಿಂದ ಬಂದದ್ದು ಜಗಳ. "ಎರಡು ವರ್ಷ ಆತು. ನನಗ ಒಂದಿನಾನೂ ಈ ಮಾತು ಹೇಳಿಲ್ಲ ನೀವು. ಯಾವಳೋ ಗುರುತಿಲ್ಲದಾಕಿಗೆ ಹೇಳಿ ಬಂದೀರಿ!"

ಆ ಕಡೆಯಿಂದ ಮುಂಬೈಯ ಹಾರ್ನುಗಳ ಸದ್ದು. ಅದರ ನಡುವೆ ಅವರೆಂದರು, "ಆಕಿ ಕೇಳಿದ್ಲು. ನೀ ಯಾವತ್ತ ಕೇಳಿದ್ದಿ?"

ಮಾತು ಹೌದಲ್ಲ ಅನಿಸಿತು. ಉತ್ತರ ಬಾಯಿಪಾಠ ಮಾಡಿಸುವ ಭರದಲ್ಲಿ ಆ ಪ್ರಶ್ನೆಯನ್ನು ನಾನು ಪ್ರಶ್ನೆಯಾಗಿ ಕೇಳಿರಲೇ ಇಲ್ಲ. ಹೆಂಡತಿ ಕೇಳಬೇಕಾದ್ದನ್ನು ಒಂದು ಸರಕಾರ ಕೇಳಬೇಕಾಯಿತು. ಕಣ್ಣೊರೆಸಿಕೊಂಡು, ಹೋಗಿ ಬರುವ ಡಾಕ್ಟರುಗಳಿಗೆ ಬೆನ್ನು ಮಾಡಿ ನಿಂತು, "ಈಗ ಕೇಳಾಕತ್ತೇನಿ, ಹೇಳ್ರಿ" ಅಂದೆ.

ರಸ್ತೆಯ ಮೇಲೆ ಅಷ್ಟು ಮಂದಿ ಇದ್ದರೂ ಅವರು ಅದೇ ಮಾತನ್ನು ನನಗೂ ಹೇಳಿದರು.