ಆಕರಪಟ್ಟಿಗೆ ಮೂವತ್ತೆಂಟು ಮಂದಿ

ಇಂದ್ರವ್ವ ಕಣ್ಣಾಡಿಸದ ಲಗ್ನಪತ್ರಿಕೆ ಅಚ್ಚಾದರೆ ಆ ಮದುವೆಯಲ್ಲಿ ಜಗಳ ಖಾತ್ರಿ ಎಂದು ಬನಹಟ್ಟಿಯ ಆ ಓಣಿಯವರು ಹೇಳುತ್ತಿದ್ದರು. ಕರಡು ಹಿಡಿದು ಬಂದವರು ಕೂಡುವ ಮೊದಲೇ ಆಕೆ, "ಬೀಳಗಿ ಸೋದರಮಾವ ಎಲ್ಲಿ ಅದಾನ? ತುಬಚಿ ದೊಡ್ಡಪ್ಪನ್ನ ಮರತ್ರ್ಯಾ?" ಎಂದು ಶುರು ಮಾಡುತ್ತಿದ್ದಳು. ಹೆಸರು ಬಿಟ್ಟುಹೋದ ಬೀಗರು ಊಟಕ್ಕೆ ಕೂಡದೆ ಎದ್ದು ಹೋದದ್ದನ್ನು ಕಣ್ಣಾರೆ ಕಂಡವಳು ಅವಳು.

ಮಗಳ ಮದುವೆ ಮುಗಿಸಿ, ಮಗ್ಗದ ಕೆಲಸ ಸೊಸೆಗೆ ಒಪ್ಪಿಸಿ, ಐವತ್ತು ದಾಟಿದ ಮೇಲೆ ಇಂದ್ರವ್ವ ದೂರಶಿಕ್ಷಣದ ಎಂ.ಎ.ಗೆ ಹೆಸರು ಹಚ್ಚಿದಳು. ಪರೀಕ್ಷೆಗಳು ಹೇಗೋ ದಾಟಿದವು. ಉಳಿದದ್ದು ಕೈಮಗ್ಗದ ಮೇಲೊಂದು ಕಿರುಪ್ರಬಂಧ. ಅದಕ್ಕೆ ಮಾರ್ಗದರ್ಶಕರಾದ ಜಮಖಂಡಿಯ ಧೀರೇಂದ್ರ ಸರ್ ಸಹಿ ಬೇಕು. ಶುಕ್ರವಾರ ಸಂಜೆಯೊಳಗೆ ಒಪ್ಪಿಸದಿದ್ದರೆ ಇನ್ನೊಂದು ವರ್ಷ ಕಾಯಬೇಕು.

ಬುಧವಾರ ಸರ್ ಪ್ರಬಂಧದ ಕೊನೆಯ ಪುಟಗಳನ್ನು ತೆರೆದು ಕನ್ನಡಕ ಮೇಲೇರಿಸಿದರು.

"ಇದೇನ್ರಿ ಇಂದ್ರವ್ವಾರ, ಆಕರಪಟ್ಟಿನೋ ಲಗ್ನಪತ್ರಿಕಿನೋ?"

ಅಂತರ್ಜಾಲದ ವಿಶ್ವಕೋಶದಿಂದ ಆಕೆ ತೆಗೆದುಕೊಂಡದ್ದು ಒಂದೇ ಲೇಖನ. ಆದರೆ ಅದನ್ನು ಬರೆದು ತಿದ್ದಿದ ಮೂವತ್ತೆಂಟು ಮಂದಿ ಅಲ್ಲಿ ಇಟ್ಟುಕೊಂಡ ಹೆಸರುಗಳನ್ನೂ ಲೇಖನದ ಇತಿಹಾಸ ಪುಟದಿಂದ ಇಳಿಸಿಕೊಂಡು ಬಂದಿದ್ದಳು. ಶ್ರೀ ನೀಲಿಹಕ್ಕಿ, ಶ್ರೀಮತಿ ಮಳೆಬಿಲ್ಲು, ಚಿ. ಕಾಗುಣಿತಬಾಟ್...

"ಈ ಚಿರಂಜೀವಿ ಮನಶ್ಯಾ ಅಲ್ರಿ, ಯಂತ್ರ!"

"ಯಂತ್ರಾದ್ರೂ ದುಡದೈತಲ್ರಿ ಸರ. ಬಿಟ್ರ ಛಲೋ ಕಾಣ್ತೈತೇನ್ರಿ?"

ಸರ್ ತಾಳ್ಮೆಯಿಂದ ತಿಳಿಹೇಳಿದರು. ಇಂಥ ಲೇಖನಕ್ಕೆ ಲೇಖಕರ ಜಾಗದಲ್ಲಿ ತಲೆಬರಹವೇ ಯಜಮಾನ. ಆಕರ ನಮೂದಿಸುವ ಎಪಿಎ ಪದ್ಧತಿಯಲ್ಲಿ ಅದರ ಬೆನ್ನಿಗೇ ಕಂಸದಲ್ಲಿ ದಿನಾಂಕ. ಎಂಎಲ್‌ಎಯಲ್ಲಿ ತಲೆಬರಹಕ್ಕೆ ಉದ್ಧರಣ ಚಿಹ್ನೆ, ವಿಶ್ವಕೋಶದ ಹೆಸರಾದ ಮೇಲೆ ದಿನಾಂಕ. ಶಿಕಾಗೊದವರು ಪುಟದ ಅಡಿಗೆ ಟಿಪ್ಪಣಿ ಹಾಕಿ, ಕೊನೆಗೆ ತಿದ್ದಿದ್ದು ಯಾವಾಗ ಎಂದು ಬರೆಯುತ್ತಾರೆ.

"ಮೂರೂ ಕಡೆ ಮಂದಿ ಹೆಸರ ಇಲ್ಲೇನ್ರಿ?"

"ಇಲ್ಲ. ನಮ್ಮಲ್ಲಿ ಎಪಿಎ ನಡೀತೈತಿ. ನೀವು ಓದಿದ ದಿನದ ಆವೃತ್ತಿ ಕೊಂಡಿ ಹಾಕ್ರಿ, ಸಾಕು. ನಾಳೆ ಯಾರರ ಲೇಖನ ತಿದ್ದಿದ್ರೂ ನೀವು ಓದಿದ್ದು ಅಲ್ಲೇ ಇರತೈತಿ."

ಇಂದ್ರವ್ವ ಆಕರವನ್ನು ಒಂದೇ ಸಾಲಿಗೆ ಇಳಿಸಿದಳು. ಆದರೆ ಅಷ್ಟು ಜನರನ್ನು ಹಂದರದ ಹೊರಗೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಕೃತಜ್ಞತೆಯ ಪುಟಕ್ಕೆ ಯಾವ ಪದ್ಧತಿಯ ಕಾಟವೂ ಇಲ್ಲವಲ್ಲ! ಮೂವತ್ತೆಂಟೂ ಹೆಸರನ್ನು ಅಲ್ಲಿ ಸಾಲಾಗಿ ಕೂರಿಸಿದಳು.

ಗುರುವಾರ ಸರ್ ಆಕರದ ಸಾಲು ನೋಡಿ ತಲೆಯಾಡಿಸಿದರು. ಪೆನ್ನು ತೆರೆದರು. ಹಾಗೇ ಕೃತಜ್ಞತೆಯ ಪುಟ ಮಗುಚಿ, ಬೆರಳನ್ನು ಮೇಲಿಂದ ಕೆಳಗೆ ಓಡಿಸಿ, ಮತ್ತೆ ಮೇಲಕ್ಕೆ ತಂದರು.

"ನನ್ನ ಹೆಸರ ಎಲ್ಲೈತ್ರಿ?"

ಇಂದ್ರವ್ವ ನಾಲಿಗೆ ಕಚ್ಚಿಕೊಂಡಳು. "ನೀವು ಮನೀ ಮಂದಿ ಅಲ್ರೀ ಸರ, ನಿಮಗ್ಯಾಕ ಪತ್ರಿಕಿ?"

"ಮನೀ ಮಂದೀನ ಮೊದಲ ಸಿಟ್ಟಾಗೂದು," ಎಂದು ಸರ್ ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

ಶುಕ್ರವಾರ ಬೆಳಿಗ್ಗೆ ಹೊಸ ಪುಟ ಸೇರಿಸಿ ಹೊಲಿಸಿದ್ದಾಯಿತು. ಫೋನಿನಲ್ಲಿ ಸರ್, "ಬರ್ರಿ, ಪೆನ್ನ ತಗದ ಇಟ್ಟೇನಿ," ಎಂದು ನಕ್ಕಿದ್ದರು. ಪ್ರಬಂಧವನ್ನು ಚೀಲಕ್ಕೆ ಹಾಕಿ ಇಂದ್ರವ್ವ ಹೊರಬಿದ್ದಾಗ ಪಕ್ಕದ ಮನೆಯ ಚನಮಲ್ಲಪ್ಪ ಕಟ್ಟೆಯ ಮೇಲೆ ಕೂತಿದ್ದ.

"ಏನಬೇ ಅಕ್ಕಾ, ಮತ್ತ ಜಮಖಂಡೀನ?"

"ಇದ ಕಡೀ ಸಲ ಬಿಡೋ. ಸರ್ ಹೆಸರ ಎಲ್ಲಾರಕಿಂತ ಮ್ಯಾಲ ಹಾಕೇನಿ," ಎಂದು ಸೆರಗು ಸರಿಮಾಡಿಕೊಂಡಳು. "ಅವರ ಮನಿಯವರ ಹೆಸರೂ ಹಾಕೇನಿ. ಅವರೊಬ್ರು ಸಿಟ್ಟಾದ್ರ ಯಾರು ಸಂಭಾಳಿಸಬೇಕು?"

ಅಂದವಳೇ ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ಹೆಜ್ಜೆ ಹಾಕಿದಳು.