ನನ್ನ ಒಂದೇ ರೈಡ್

ಟಿವಿಯಲ್ಲಿ ಬರುವ ಕಬಡ್ಡಿ ಲೀಗಿನಲ್ಲಿ ನಾನೂ ಆಡಿದ್ದೇನೆ. ಒಂದೇ ಒಂದು ರೈಡ್. ಕಟ್ಟಿದ ಉಸಿರು ಖರ್ಚಾಗುವ ಮೊದಲೇ ನನ್ನ ಲೀಗಿನ ಬದುಕು ಮುಗಿದಿತ್ತು.

ಆಟ ಕಲಿತದ್ದು ಖಡಕಿಯ ಮಣ್ಣಿನ ಅಂಗಳದಲ್ಲಿ. ಅಪ್ಪ ಅಲ್ಲಿ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದರು. ನಮ್ಮ ಅಂಗಳದಲ್ಲಿ ಒಂದು ಪದ್ಧತಿ: ರೈಡರ್ ಮುಟ್ಟಿದರೆ, ಮುಟ್ಟಿಸಿಕೊಂಡವನು ಅಂಪೈರ್ ಕಡೆ ನೋಡದೆ ತಾನೇ ಕೈಯೆತ್ತಿ ಹೊರಗೆ ನಡೆಯಬೇಕು. ಮುಚ್ಚಿಟ್ಟವನನ್ನು ಮರುದಿನ ಯಾರೂ ಆಟಕ್ಕೆ ಕರೆಯುತ್ತಿರಲಿಲ್ಲ.

ಲೀಗಿನಲ್ಲಿ ಬಹಳ ದಿನ ಬೆಂಚು ಕಾದ ಮೇಲೆ, ಒಂದು ಸಂಜೆ ನಮ್ಮ ರೈಡರನ ಕಾಲು ಉಳುಕಿ ನನ್ನನ್ನು ಕಳಿಸಿದರು. ಎದುರು ತಂಡದ ಮೂಲೆಯಲ್ಲಿದ್ದವನ ಬೆರಳಿಗೆ ನನ್ನ ಬೆರಳು ತಾಗಿತು. ತಾಗಿದ ಮೇಲೆ ಅಂಕಣದ ಅಂಚಿನ ಲಾಬಿ ಪಟ್ಟಿಯಲ್ಲೂ ಓಡಬಹುದು. ತಾಗದೆ ಅಲ್ಲಿ ಕಾಲಿಟ್ಟರೆ ರೈಡರೇ ಔಟ್. ನಾನು ಲಾಬಿಯಲ್ಲೇ ಓಡಿ ಬಂದೆ. ಅಂಪೈರ್ ನನ್ನನ್ನೇ ಔಟ್ ಎಂದರು.

"ಲಾಗಲಾ ಕಾ ರೇ?" ತಾಗಿತೇನೋ ಎಂದು ನಾಯಕ ಮರಾಠಿಯಲ್ಲಿ ಕೂಗಿದ. ಹೂಂ ಎಂದಿದ್ದರೆ ರಿವ್ಯೂ ಕೇಳುತ್ತಿದ್ದ. ನಾನು ಪೆದ್ದನಂತೆ ಆ ಮೂಲೆಯವನ ಮುಖ ನೋಡುತ್ತ, ಅವನು ಕೈಯೆತ್ತಲಿ ಎಂದು ಕಾಯುತ್ತ ನಿಂತಿದ್ದೆ. ಅವನು ಚಡ್ಡಿ ಸರಿಮಾಡಿಕೊಂಡ. ರಿವ್ಯೂ ಕೇಳುವ ಹೊತ್ತು ಮೀರಿತು. ಆಮೇಲೆ ನನ್ನನ್ನು ಯಾರೂ ಅಂಕಣಕ್ಕೆ ಕರೆಯಲಿಲ್ಲ, ಮುಂದಿನ ಹರಾಜಿನಲ್ಲಿ ಕೊಳ್ಳಲೂ ಇಲ್ಲ.

ಈಗ ರಾಂಜಣಗಾಂವದ ಕಾರ್ಖಾನೆಯಲ್ಲಿದ್ದೇನೆ. ಕ್ಯಾಂಟೀನಿನಲ್ಲಿ ಕಬಡ್ಡಿ ಹಾಕಿದರೆ ತಟ್ಟೆ ಹಿಡಿದು ಹೊರಗೆ ಹೋಗಿ ಒಬ್ಬನೇ ಉಣ್ಣುತ್ತೇನೆ. ಮನೆಯಲ್ಲಿ ಮಾತು ತೆಗೆದರೆ ಹೆಂಡತಿ, "ಆತು ಬಿಡ್ರಿ, ಆಗಿದ್ದು ಆಗಿಹೋತು" ಎನ್ನುತ್ತಾಳೆ. ಅವಳಿಗೂ ಸಾಕಾಗಿದೆ. ಆ ಬೆರಳು ತಾಗಿದ್ದು ಇಬ್ಬರಿಗೆ ಗೊತ್ತು, ನನಗೆ ಮತ್ತು ಅವನಿಗೆ. ಇಷ್ಟು ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ.

ಹೋದ ವರ್ಷ ಕಾರ್ಖಾನೆಗಳ ಪಂದ್ಯಾವಳಿಗೆ ಅವನೇ ಅತಿಥಿಯಾಗಿ ಬಂದ. ವಿಜಯಪುರದ ಕಡೆಯವನು. ಸಿಟ್ಟು ನೆತ್ತಿಗೇರಿತ್ತು, ಜಗಳಕ್ಕೆಂದೇ ಹೋದೆ.

"ಅವತ್ತ ನನ್ನ ಬೆರಳು ನಿಮಗ ತಾಗಿತ್ತು. ಖರೇ ಹೇಳ್ರಿ."

ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ಕಣ್ಣಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ತಪ್ಪ ತಿಳೀಬ್ಯಾಡ್ರಿ," ಎಂದ. "ನೀವೂ ಲೀಗಿನಾಗ ಆಡಿದ್ರೇನ್ರಿ?"

ಆಡಿದ್ದೆ ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಸುಳ್ಳೆನಿಸಿತು.