ಒಂದೇ ಹಾಳೆಯ ಐವರು

ಮೊನ್ನೆ ಕೊರಿಯರ್‌ನಲ್ಲಿ ಬಂದ ಹೊಸ ಲೇಬಲ್ಲುಗಳ ಕಟ್ಟು ಬಿಚ್ಚಿದೆ. ಇಂಕು, ಅಂಟು ಸೇರಿದ ಆ ಘಾಟು ಮೂಗಿಗೆ ಬಡಿದದ್ದೇ ತಡ, ಹಾಸನದ ಪ್ರೆಸ್ಸಿನಣ್ಣ ಕಣ್ಣ ಮುಂದೆ ಬಂದು ನಿಂತ. ಬಂದವನು ಸುಮ್ಮನಿರುವ ಪೈಕಿಯಲ್ಲ. ಬೈಯಲು ಶುರುಮಾಡಿದ...

ಅಷ್ಟು ಕೆಟ್ಟ ಬಾಯಿಯ, ಅಷ್ಟು ಬೇಗ ಕೈ ಎತ್ತುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಕರೆಂಟು ಹೋದರೆ ಮಷೀನಿಗೇ ಒದೆಯುತ್ತಿದ್ದ. ಕಟ್ಟಡದ ಮಾಲೀಕನ ಮೇಲೆ ಒಮ್ಮೆ ಕುರ್ಚಿ ಎತ್ತಿ ಎಸೆದಿದ್ದನಂತೆ. ಹೊಳೆನರಸೀಪುರದಿಂದ ಬಸ್ಸು ಹಿಡಿದು, ನನ್ನ ಚಟ್ನಿಪುಡಿಗೆ ಒಂದು ಸಾವಿರ ಲೇಬಲ್ಲು ಬೇಕು ಅಂತ ಹೋದ ದಿನ, ನಾನು ಬರೆದು ತಂದಿದ್ದ ಮಾದರಿಯನ್ನು ರಸ್ತೆಗೆ ಬಿಸಾಕಿದ.

“ಸಾವ್ರಕ್ಕೆಲ್ಲ ಮಷೀನ್ ತಿರುಗ್ಸಕ್ಕಾಯ್ತದೇನವ್ವಾ? ಅಚ್ಚಿನ ಪ್ಲೇಟಿನ ಖರ್ಚು ಸಾವ್ರಕ್ಕೂ ಅಷ್ಟೇಯ, ಐದ್ ಸಾವ್ರಕ್ಕೂ ಅಷ್ಟೇಯ. ಲೇಬಲ್ಲಿಗೇ ಐದ್ ರೂಪಾಯಿ ಬಿದ್ರೆ ನಿನ್ ಪುಡಿ ಯಾರು ತಗತಾರೆ?”

ಚೀಟಿ ಹೆಕ್ಕಿಕೊಂಡು ಬಂದು ಅಲ್ಲೇ ನಿಂತೆ. ಲೇಬಲ್ಲಿಲ್ಲದ ಪೊಟ್ಟಣವನ್ನು ಅಂಗಡಿಯವರು ಮುಟ್ಟುತ್ತಿರಲಿಲ್ಲ. ಐದು ಸಾವಿರ ಮಾಡಿಸುವ ತಾಕತ್ತು ನನಗಿರಲಿಲ್ಲ. ಗೊಣಗಿ ಗೊಣಗಿ ಕೊನೆಗೆ ಅವನೇ ದಾರಿ ಹೇಳಿದ. ನನ್ನ ಹಾಗೆ ಇನ್ನೂ ನಾಲ್ವರು ಕಾಯುತ್ತಿದ್ದರು: ಹಳ್ಳಿಮೈಸೂರಿನ ಬೆಲ್ಲದವರು, ಅರಕಲಗೂಡಿನ ಫಿನಾಯಿಲ್‌ನವರು, ಹಾಸನದ ಊದುಬತ್ತಿಯವರು, ಹರದನಹಳ್ಳಿಯ ಹಪ್ಪಳದವರು. ಐವರ ಲೇಬಲ್ಲನ್ನೂ ಒಂದೇ ಹಾಳೆಯಲ್ಲಿ ಕೂರಿಸಿ ಅಚ್ಚು ಹಾಕಿ, ಆಮೇಲೆ ಕತ್ತರಿಸಿ ಹಂಚುವುದು. ಖರ್ಚು ಐದು ಪಾಲು. ಆದರೆ ಎಲ್ಲರದೂ ಒಂದೇ ಅಳತೆ, ಎಲ್ಲರದೂ ಒಂದೇ ಕೆಂಪು. ಹಪ್ಪಳದವರು ಹಳದಿಯೇ ಬೇಕೆಂದು ಹಟ ಹಿಡಿದು ಚೆನ್ನಾಗಿ ಬೈಸಿಕೊಂಡರು.

ಕೆಲವು ವರ್ಷ ಹಾಗೇ ನಡೆಯಿತು. ಒಂದು ಸಲ ಮಾತ್ರ ಕತ್ತರಿಸಿ ಕಟ್ಟುವಾಗ ನನ್ನ ಕಟ್ಟಿನೊಳಗೆ ಫಿನಾಯಿಲ್ ಲೇಬಲ್ಲುಗಳು ಸೇರಿಬಿಟ್ಟವು. ಮನೆಯಲ್ಲಿ ಅಂಟಿಸುತ್ತಿದ್ದವರು ನಮ್ಮತ್ತೆ; ಅವರಿಗೆ ಓದಲು ಬರುತ್ತಿರಲಿಲ್ಲ. ಅಳತೆ ಸರಿ, ಕೆಂಪು ಸರಿ, ಅಂಟಿಸಿದರು. ಮೂಟೆ ಚನ್ನರಾಯಪಟ್ಟಣಕ್ಕೆ ಹೋಯಿತು.

ಅಲ್ಲಿ ಯಾರೋ ಪುಡಿ ತಿಂದು, ಆಮೇಲೆ ಲೇಬಲ್ಲು ಓದಿ ವಾಂತಿ ಮಾಡಿಕೊಂಡರಂತೆ. ಅವರ ಕಡೆಯವರು ಬಂದು ಅಂಗಡಿಯ ಗಾಜೆಲ್ಲ ಪುಡಿ ಮಾಡಿದರು. ಅಂಗಡಿಯವನು ಫೋನಿನಲ್ಲಿ ಕಿರುಚಿದ್ದೇ ನಾನು ಮನೆಯಲ್ಲಿ ಉಳಿದಿದ್ದ ಒಂದು ಪೊಟ್ಟಣ ಹಿಡಿದು ಪ್ರೆಸ್ಸಿಗೆ ಓಡಿದೆ. ಪೊಟ್ಟಣ ನೋಡಿದ ಪ್ರೆಸ್ಸಿನಣ್ಣ ಕಬ್ಬಿಣದ ಸ್ಕೇಲನ್ನು ಗೋಡೆಗೆ ಬೀಸಿ ಒಗೆದ. ಅಷ್ಟರಲ್ಲಿ, ಲೇಬಲ್ಲಿನ ಮೂಲೆಯಲ್ಲಿದ್ದ ಪ್ರೆಸ್ಸಿನ ಹೆಸರು ಹಿಡಿದು, ಅಂಗಡಿಯವನು ಇಬ್ಬರನ್ನು ಕಟ್ಟಿಕೊಂಡು ಒಳಗೆ ನುಗ್ಗಿದ.

ನುಗ್ಗಿದವನೇ ನನ್ನ ಜಡೆ ಹಿಡಿದೆಳೆದ. “ಜನಕ್ಕೆ ವಿಷ ತಿನ್ನುಸ್ತೀಯೇನೇ?”

ಪ್ರೆಸ್ಸಿನಣ್ಣ ಮರದ ಸುತ್ತಿಗೆಯಿಂದ ಅವನ ಮೊಣಕೈಗೆ ಬಾರಿಸಿದ. “ಕಟ್ಟು ಕಟ್ಟಿದ್ದು ನಾನು ಕಣ್ಲಾ! ಎಣ್ಮಗಳ್ನ ಬುಡ್ಲಾ!”

ಮೂವರೂ ಅವನ ಮೇಲೆ ಬಿದ್ದರು. ಹೊಡೆದರು, ನೆಲಕ್ಕೆ ಕೆಡವಿ ತುಳಿದರು. ಬಾಯಿ ತುಂಬ ರಕ್ತ ತುಂಬಿದ್ದರೂ ಅವನು ಬೈಗುಳ ನಿಲ್ಲಿಸಲಿಲ್ಲ. ಆಗ ಎಳೆದು ತಂದು ಬಲಗೈಯನ್ನು ಹಾಳೆ ಕತ್ತರಿಸುವ ಮಷೀನಿನ ಅಲಗಿನಡಿ ಒತ್ತಿ ಹಿಡಿದು, ಹಿಡಿಕೆ ಜಗ್ಗಿದರು... ಎರಡು ಬೆರಳು ಕೆಂಪು ಹಾಳೆಗಳ ಮೇಲೆ ಬಿದ್ದಿದ್ದವು.

ಆಸ್ಪತ್ರೆಗೆ ಪೊಲೀಸರು ಬಂದರು. ಆ ಮೂವರನ್ನು ಜೈಲಿಗೆ ಹಾಕಿಸಲೇಬೇಕು ಅಂತ ನಾನು ಕುದಿಯುತ್ತಿದ್ದೆ. ಪ್ರೆಸ್ಸಿನಣ್ಣ ನನ್ನನ್ನು ಬಾಯಿ ಬಿಡಲು ಬಿಡಲಿಲ್ಲ.

“ಮಷೀನ್ ಕಡೀತು ಸಾ. ನಂದೇ ತಪ್ಪು.”

ಪೊಲೀಸರು ಹೋದ ಮೇಲೆ ಯಾಕಣ್ಣ ಅಂತ ಜಗಳಕ್ಕೇ ನಿಂತೆ.

“ಕೇಸಾದ್ರೆ ಪ್ರೆಸ್ಸಿಗೆ ಬೀಗ ಬೀಳ್ತದೆ. ಚಟ್ನಿಪುಡಿಲಿ ಫಿನಾಯಿಲ್ ಅಂತ ಊರೆಲ್ಲ ಸುದ್ದಿ ಅಬ್ತದೆ. ಆ ಲೇಬಲ್ಲಿನ ಆಳೇಲಿ ನೀನೊಬ್ಳೇ ಇದ್ದೀಯೇನವ್ವಾ? ಐದ್ ಮನೆ ಅವೆ ಕಣವ್ವಾ.”

ಆ ಮೂವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಆಮೇಲೆ ಎಡಗೈಯಲ್ಲೇ ಕೆಲಸ ಮಾಡಿದ, ಎಡಗೈಯಲ್ಲೇ ವಸ್ತು ಎಸೆಯುವುದನ್ನೂ ಕಲಿತ. ಫೋನಿನಲ್ಲೇ ಲೇಬಲ್ಲು ಮಾಡಿಸುವ ಕಾಲ ಬಂದು ಅವನ ಮಷೀನು ಗುಜರಿಗೆ ಹೋಯಿತು. ಹೋದ ವರ್ಷ ಅವನೂ ಹೋದ. ಮಣ್ಣಿಗೆ ನಾವು ಐದೂ ಮನೆಯವರು ಹೋಗಿದ್ದೆವು.

ಈಗ ಐವತ್ತು ಬೇಕೆಂದರೆ ಐವತ್ತೇ ಕಳಿಸುತ್ತಾರೆ, ಯಾವ ಬಣ್ಣ ಕೇಳಿದರೂ ಕೊಡುತ್ತಾರೆ. ಈ ಸಲ ಮಗಳು ಹಸಿರು ಆರಿಸಿದ್ದಾಳೆ. ಕಟ್ಟಿನಿಂದ ಒಂದು ಹಾಳೆ ತೆಗೆದು ಬೆಳಕಿಗೆ ಹಿಡಿದೆ. ಮೇಲಿನಿಂದ ಕೆಳಗಿನವರೆಗೆ ನನ್ನ ಚಟ್ನಿಪುಡಿ ಮಾತ್ರ ಇತ್ತು. ಪಕ್ಕದಲ್ಲಿ ಬೆಲ್ಲದವರಿಲ್ಲ, ಹಪ್ಪಳದವರಿಲ್ಲ, ಮೂಲೆಯಲ್ಲಿ ಅವನ ಹೆಸರೂ ಇಲ್ಲ.